ಸೇತುವೆಯ ಕೆಳಗಿನ ಹಾಸಿಗೆ

ಜನ್ನಾಪುರದಲ್ಲಿ ಆಗ ಒಬ್ಬರ ಮನೆಗೆ ಡಿವಿಡಿ ಪ್ಲೇಯರ್ ಬಂದರೆ ಬೀದಿಯ ಮಕ್ಕಳ ಚಪ್ಪಲಿಗಳೆಲ್ಲ ಆ ಮನೆಯ ಮೆಟ್ಟಿಲಲ್ಲಿ ಇರುತ್ತಿದ್ದವು. ನಮ್ಮ ಮನೆಗೆ ಅದು ಬಂದ ಬೇಸಿಗೆಯಲ್ಲೇ ಚಿಕ್ಕಪ್ಪ ತೀರಿಕೊಂಡರು. ತಾರಸಿಯ ಮೇಲೆ ನೀರಿನ ಟ್ಯಾಂಕ್ ಸರಿಮಾಡುವಾಗ ಕಾಲು ಜಾರಿ ಬಿದ್ದಿದ್ದರು. ಚಿಕ್ಕಮ್ಮ ಮತ್ತು ಅವರ ಆರು ವರ್ಷದ ಮಗಳು ವಾಣಿ ನಮ್ಮಲ್ಲೇ ಉಳಿದರು. ಅಪ್ಪ ಎಲ್ಲಿ ಎಂದು ವಾಣಿ ಕೇಳಿದರೆ ದೊಡ್ಡವರು "ಶಿವನ ಹತ್ರ ಹೋಗಿದಾರೆ ಪುಟ್ಟಾ" ಎನ್ನುತ್ತಿದ್ದರು. ಸತ್ತರು ಎಂಬ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಅಣ್ಣ ಶಿವಮೊಗ್ಗದಿಂದ ಗೂಢಚಾರನೊಬ್ಬನ ಸಿನಿಮಾ ತಂದ. ಅಡುಗೆಮನೆಯಿಂದ ಮಂಡಕ್ಕಿ ಒಗ್ಗರಣೆಯ ವಾಸನೆ ಬರುತ್ತಿತ್ತು. ಇಂಗ್ಲಿಷ್ ಮಾತು ನಮಗೆ ತಿಳಿಯುತ್ತಿರಲಿಲ್ಲ. ಆ ಗೂಢಚಾರ ಯಾವ ದೇಶದ ಪರವೆಂಬುದೂ ತಿಳಿಯಲಿಲ್ಲ. ಕಡೆಗೆ ಅವನು ಸೇತುವೆಯಿಂದ ಬಿದ್ದು ಸತ್ತ. ವಾಣಿ ಮುಷ್ಟಿಯಲ್ಲಿದ್ದ ಮಂಡಕ್ಕಿಯನ್ನು ಬಾಯಿಗೆ ಹಾಕದೆ ಕೂತಿದ್ದಳು.

"ಮುಖ ನೋಡು ಇವಳದು! ಸತ್ತಿಲ್ಲ ಮಾರಾಯ್ತಿ, ತಡಿ, ಎಕ್ಸ್‌ಟ್ರಾ ಇದೆ," ಎಂದು ಅಣ್ಣ ರಿಮೋಟ್ ಒತ್ತಿದ.

ಸಿನಿಮಾ ತೆಗೆದ ಬಗೆಯನ್ನು ತೋರಿಸಿದರು. ಅದೇ ಸೇತುವೆ, ಅದೇ ಮನುಷ್ಯ. ಬಿದ್ದದ್ದು ಮಾತ್ರ ದಪ್ಪನೆಯ ಹಾಸಿಗೆಯ ಮೇಲೆ. ಅವನನ್ನು ಕುರ್ಚಿಯಲ್ಲಿ ಕೂರಿಸಿದರು. ಅವನು ಕಣ್ಣು ಮುಚ್ಚಿದ್ದ. ಒಬ್ಬಾಕೆ ಹಣೆಗೆ ಬಿಳಿ ಪುಡಿ ಹಚ್ಚಿದಳು. ಆಮೇಲೆ ಅವನು ಕಣ್ಣು ಬಿಟ್ಟು, ನಕ್ಕು, ಎದ್ದು ಹೋದ.

"ಅಪ್ಪಂಗೂ ಹಿಂಗೇ ಮಾಡಿದ್ರಲ್ವಾ ಅಕ್ಕ?" ಎಂದಳು ವಾಣಿ ನನ್ನತ್ತ ತಿರುಗಿ. "ಅಪ್ಪ ಯಾವಾಗ ಏಳ್ತಾರೆ?"

ನಮ್ಮವರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಚಿಕ್ಕಪ್ಪನನ್ನೂ ಗೋಡೆಗೆ ಒರಗಿಸಿ ಕೂರಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಹಾರ ಹಾಕಿದ್ದರು. ವಾಣಿ ನೋಡಿದ್ದು ಅಷ್ಟನ್ನೇ. ಮಣ್ಣಿಗೆ ಒಯ್ಯುವ ಮೊದಲೇ ಅವಳನ್ನು ಪಕ್ಕದ ಮನೆಗೆ ಕಳಿಸಿದ್ದರು. ನಾನು ದೊಡ್ಡವಳು, ನನಗೆಲ್ಲ ಗೊತ್ತಿತ್ತು. ಆದರೂ ಆ ಗಳಿಗೆಯಲ್ಲಿ ಗೊತ್ತಿದ್ದದ್ದೆಲ್ಲ ಕಲಸಿಹೋಯಿತು.

ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದರು. ಅಣ್ಣ ಟಿವಿ ಆರಿಸಲು ಎದ್ದ.

"ಬೇಡ ಕಣೋ. ಇನ್ನೊಂದ್ಸಲ ಹಾಕು."

ವಾಣಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಿಕ್ಕಮ್ಮ ಅದನ್ನು ಪೂರ್ತಿ ನೋಡಿದರು.

"ಇವನ ಕೆಳಗೆ ಹಾಸಿಗೆ ಇತ್ತು, ನೋಡಿದ್ಯಾ?"

"ಹ್ಞೂಂ."

"ನಿಮ್ಮಪ್ಪನ ಕೆಳಗೆ ಇರ್ಲಿಲ್ಲ ಪುಟ್ಟಾ. ಸತ್ತೋದ್ರು. ಇನ್ನು ಏಳಲ್ಲ."

ವಾಣಿ ಅಳಲಿಲ್ಲ. "ಯಾರೂ ಹಾಕ್ಲಿಲ್ವಾ?" ಎಂದಳು.

ಚಿಕ್ಕಮ್ಮ ಅವಳ ಮುಷ್ಟಿ ಬಿಡಿಸಿ, ಮೆತ್ತಗಾಗಿದ್ದ ಮಂಡಕ್ಕಿಯನ್ನು ಸೆರಗಿನಿಂದ ಒರೆಸಿದರು.

ವರ್ಷಗಳು ಕಳೆದು ಡಿವಿಡಿ ಅಂಗಡಿಗಳು ಮುಚ್ಚಿದವು. ನಮ್ಮ ಪ್ಲೇಯರ್ ಗುಜರಿಗೆ ಹೋಯಿತು. ಮೊನ್ನೆ ವಾಣಿ ಅದೇ ಸಿನಿಮಾವನ್ನು ಫೋನಿನಲ್ಲಿ ನೋಡಿ ನನಗೆ ಕರೆ ಮಾಡಿದಳು. ಅವನು ಸೇತುವೆಯಿಂದ ಬೀಳುವಲ್ಲಿಗೆ ಮುಗಿಯುತ್ತದಂತೆ. ಸಿನಿಮಾ ತೆಗೆದ ಬಗೆ ತೋರಿಸುವ ಭಾಗವೇ ಇಲ್ಲವಂತೆ.

"ಅಕ್ಕ, ಹಾಸಿಗೆ ಇತ್ತು ತಾನೇ? ನಾನೇ ಕಲ್ಪಿಸ್ಕೊಂಡ್ನಾ?"

"ಇತ್ತು," ಎಂದೆ.

"ಯಾವ ಬಣ್ಣ?"

ನೀಲಿ ಎನ್ನಲು ಹೊರಟವಳು ತಡೆದುಕೊಂಡೆ. ಚಿಕ್ಕಪ್ಪನನ್ನು ಒರಗಿಸಿದ್ದ ಗೋಡೆಯೂ ನೀಲಿಯೇ. ಯಾವುದರ ಬಣ್ಣ ಯಾವುದಕ್ಕೆ ಹತ್ತಿಕೊಂಡಿದೆಯೋ, ಹಾಕಿ ನೋಡಲು ಆ ಡಿವಿಡಿ ಇಲ್ಲ. ಕೇಳಲು ಚಿಕ್ಕಮ್ಮನೂ ಇಲ್ಲ.