‘ಜಾಗ ಇಲ್ಲ’ ಎನ್ನಲು ಬಾರದ ಊರು

ನೆಬ್ರಾಸ್ಕಾದ ಆ ಸಣ್ಣ ಊರಿನಲ್ಲಿ ‘ದೋನ್ಯಾ’ ಎಂದು ಗೌರವದಿಂದ ಕರೆಸಿಕೊಳ್ಳುವ ಎರ್ಲಿಂದಾ ಎಂದರೆ ಎಲ್ಲರಿಗೂ ಸ್ವಲ್ಪ ಅಳುಕು. ಮಾಂಸದ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಚಾಕು ಹಿಡಿದು ನಿಂತವಳು ಎಂಬ ಕಾರಣಕ್ಕಲ್ಲ. ಯಾವುದನ್ನೇ ಆಗಲಿ ಮೆಕ್ಸಿಕೋದ ಮಿಚೋವಕಾನಿನ ತನ್ನ ಹಳ್ಳಿಯಲ್ಲಿ ಮಾಡಿದ ಹಾಗೆಯೇ ಮಾಡಬೇಕೆಂಬ ಅವಳ ಹಟಕ್ಕೆ. ತಮಾಲೆ ಎಂಬ ಜೋಳದ ಕಡುಬಿನ ಹಿಟ್ಟಿಗೆ ಹಂದಿ ಕೊಬ್ಬಿನ ಬದಲು ಅಡುಗೆ ಎಣ್ಣೆ ಸುರಿದ ತಂಗಿಯ ಸೊಸೆಯ ಜೊತೆ ಅವಳು ಈಸ್ಟರ್ ಬರುವ ತನಕ ಮಾತು ಬಿಟ್ಟಿದ್ದಳು.

ಗಂಡ ತೀರಿಕೊಂಡ ಮೇಲೆ ಈ ಹಟವೆಲ್ಲ ಕ್ರಿಸ್‌ಮಸ್ ಮುಂಚಿನ ಪೊಸಾದಾ ಮೆರವಣಿಗೆಯ ಕಡೆ ಹರಿಯಿತು. ಮೇರಿ ಜೋಸೆಫರ ವೇಷ ತೊಟ್ಟ ಮಕ್ಕಳನ್ನು ಮುಂದೆ ಬಿಟ್ಟುಕೊಂಡು, ಮೇಣದಬತ್ತಿ ಹಿಡಿದು, ತಂಗಲು ಜಾಗ ಕೊಡಿ ಎಂದು ಮನೆಯ ಮುಂದೆ ನಿಂತು ಹಾಡಬೇಕು. ಮೊದಲ ಎರಡು ಮನೆಯವರು ಬಾಗಿಲು ತೆಗೆಯದೆ, ಜಾಗವಿಲ್ಲವೆಂದು ಒಳಗಿನಿಂದಲೇ ಹಾಡಿ ಅಟ್ಟಬೇಕು. ಮೂರನೆಯ ಮನೆಯ ಬಾಗಿಲು ತೆರೆಯಬೇಕು. ಊಟ, ಹಾಡು, ಗದ್ದಲ ಎಲ್ಲ ಅಲ್ಲಿ. ಇದರಲ್ಲಿ ಒಂದು ಕೂದಲೆಳೆಯಷ್ಟೂ ಆಚೀಚೆ ಆಗುವಂತಿಲ್ಲ.

ಒಂದು ವರ್ಷ ಮೊದಲ ಮನೆಯವರು ಜ್ವರ ಹಿಡಿದು ಮಲಗಿದರು. ಬೇರೆ ದಾರಿ ಕಾಣದೆ ಎರ್ಲಿಂದಾ ಮಗಳು ಯೆಸೆನಿಯಾಳನ್ನು ಕರೆದುಕೊಂಡು ಪಕ್ಕದ ಮನೆಗೆ ಹೋದಳು. ಅಲ್ಲಿದ್ದವನು ವರ್ನನ್ ಲುಂಡೀನ್. ಮೆಕ್ಕೆಜೋಳ ಬೆಳೆದು ಬೆಳೆದು ಸಾಕಾಗಿ ಹೊಲವನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಮುದುಕ, ಹೆಂಡತಿ ಸತ್ತು ಒಂಟಿ. ಎರ್ಲಿಂದಾಳ ಇಂಗ್ಲಿಷ್ ಸಂತೆ ವ್ಯವಹಾರಕ್ಕೆ ಸಾಲುವಷ್ಟು. ಉಳಿದದ್ದಕ್ಕೆ ಮಗಳ ಬಾಯಿ. ಎರ್ಲಿಂದಾಳ ನಾಲಿಗೆಯಲ್ಲಿ ವರ್ನನ್ ‘ಬೆರ್ನೋನ್’, ಅವನ ನಾಲಿಗೆಯಲ್ಲಿ ಅವಳು ‘ಲಿಂಡಾ’.

“ನಾವು ಬಾಗಿಲು ತಟ್ತೀವಿ, ಬೆರ್ನೋನ್ ಅವ್ರೇ. ನೀವು ತೆಗೀಬಾರ್ದು. ಜಾಗ ಇಲ್ಲ, ನಡೀರಿ ಅಂತ ಗದರಬೇಕು.”

“ನಿಮ್ಗಾ? ಪಕ್ಕದ್ಮನೆಯವ್ರಿಗೆ?”

“ಅವತ್ತು ನಾವು ಪಕ್ಕದ್ಮನೆಯವ್ರಲ್ಲ. ಯಾರೋ ದಾರಿಹೋಕರು.”

ವರ್ನನ್ ತಲೆಯಾಡಿಸಿದ. ಒಪ್ಪಿದ್ದಾನೆಂದು ಎರ್ಲಿಂದಾ ತಿಳಿದಳು.

ಪೊಸಾದಾದ ಸಂಜೆಯ ಚಳಿಗೆ ಉಗುಳು ಬೀಳುವಷ್ಟರಲ್ಲಿ ಮಂಜುಗಡ್ಡೆಯಾಗುವಂತಿತ್ತು. ಹಾಡಿನ ಮೊದಲ ಸಾಲು ಮುಗಿಯುವ ಮುನ್ನವೇ ವರ್ನನ್ ಬಾಗಿಲನ್ನು ಹಾರು ಹೊಡೆದು ನಿಂತ. “ಬನ್ನಿ, ಬನ್ನಿ. ಈ ಚಳೀಲಿ ಮಕ್ಕಳನ್ನ ಹೊರಗೆ ನಿಲ್ಲಿಸ್ಕೊಂಡು ಏನು ಹಾಡು?” ಮೇರಿ ಮೊದಲು ನುಗ್ಗಿದಳು, ಅವಳ ಹಿಂದೆ ಜೋಸೆಫ್, ಅವನ ಹಿಂದೆ ಮೆರವಣಿಗೆಯೆಲ್ಲ. ಒಳಗೆ ಕಾಫಿ ಕುದಿಯುತ್ತಿತ್ತು, ತಟ್ಟೆ ತುಂಬ ಬಿಸ್ಕತ್ತಿತ್ತು. ಎರ್ಲಿಂದಾ ಒಬ್ಬಳೇ ಮೆಟ್ಟಿಲ ಮೇಲೆ ನಿಂತು, ಖಾಲಿ ಬೀದಿಗೆ ಹಾಡನ್ನು ಕೊನೆಯ ತನಕ ಒಪ್ಪಿಸಿ ಒಳಗೆ ಬಂದಳು.

“ನಾನು ಏನು ಹೇಳಿದ್ದೆ?”

“ಜಾಗ ಇಲ್ಲ ಅನ್ನಿ ಅಂದಿದ್ರಿ. ಆದ್ರೆ ಜಾಗ ಇದೆಯಲ್ಲ, ಲಿಂಡಾ. ಮಹಡಿ ಪೂರ್ತಿ ಖಾಲಿ.”

“ಬೆತ್ಲೆಹೇಮಲ್ಲಿ ನಿಮ್ಮಂಥೋರು ಇದ್ದಿದ್ರೆ ಏಸು ಕೊಟ್ಟಿಗೇಲಿ ಹುಟ್ತಾನೇ ಇರ್ಲಿಲ್ಲ.”

“ಒಳ್ಳೇದಾಗ್ತಿತ್ತಲ್ವಾ ಪಾಪ?”

ಅತ್ತ ಮೂರನೆಯ ಮನೆಯಲ್ಲಿ ಪೊಜೋಲೆ ಸಾರು ಆರಿ ಗಟ್ಟಿಯಾಯಿತು.

ಮರುವರ್ಷ ಅವಳು ವರ್ನನ್‌ಗೆ ತಾಲೀಮು ಕೊಟ್ಟಳು. ದಿನಾ ಸಂಜೆ ಅವನ ಅಡುಗೆಮನೆಯ ಬಾಗಿಲು ತಟ್ಟುವುದು, ಅವನು ಒಳಗಿನಿಂದ ಗದರುವುದು. “ಇದು ಗದರೋದಾ? ಬೆಕ್ಕಿಗೆ ಹಾಲು ಬೇಕಾ ಅಂತ ಕೇಳ್ದಂಗಿದೆ,” ಎಂದು ಅವಳು ಹೊರಗಿನಿಂದ ಬೈಯುವುದು. ಪೊಸಾದಾದ ದಿನ ವರ್ನನ್ ನಿಜಕ್ಕೂ ಗುಡುಗಿದ. ಎರ್ಲಿಂದಾ ಹೆಮ್ಮೆಯಿಂದ ಮೆರವಣಿಗೆಯನ್ನು ತಿರುಗಿಸಿದಳು. ಅಷ್ಟರಲ್ಲಿ ಬಾಗಿಲು ಕಿರುಗುಟ್ಟಿತು. “ಲಿಂಡಾ, ಬೇಜಾರು ಮಾಡ್ಕೋಬೇಡಿ. ಸುಮ್ನೆ ಅಂದಿದ್ದು. ಕಾಫಿ ಇದೆ.” ಮೇರಿ ಆಗಲೇ ಹೊಸ್ತಿಲು ದಾಟಿದ್ದಳು.

ಈ ಸುದ್ದಿ ಊರಿಗೆಲ್ಲ ಹಬ್ಬಿತು. ಲುಥೆರನ್ ಚರ್ಚಿನ ಪಾದ್ರಿ ಬಂದು, ಇದನ್ನು ಇಡೀ ಊರು ಸೇರಿ ಮಾಡೋಣವೆಂದ. ಆದರೆ ಮನೆ ಹಂಚುವಾಗ ತೊಡಕಾಯಿತು. ಊರಿನ ಹಳೆಯ ಸ್ವೀಡಿಷ್, ಜರ್ಮನ್ ಮನೆತನದವರು, ಎಲ್ಲರಿಗೂ ಬಾಗಿಲು ತೆರೆಯುವ ಮನೆಯೇ ಬೇಕು. ಅಟ್ಟುವ ಮನೆ ಯಾರಿಗೂ ಬೇಡ.

“ನಮ್ಮ ಜನಕ್ಕೆ ಮನೆ ಬಾಗಿಲಿಗೆ ಬಂದೋರಿಗೆ ಇಲ್ಲ ಅನ್ನೋಕೆ ಬರಲ್ಲ, ನೋಡಿ,” ಎಂದು ಪಾದ್ರಿ ಸಂಕೋಚದಿಂದ ಹೇಳಿದ.

ಎರ್ಲಿಂದಾ ಸ್ಪ್ಯಾನಿಷ್‌ನಲ್ಲಿ ಹೇಳಿದಳು: “ಮರೆತೋಯ್ತಾ? ಹಿಮದಲ್ಲಿ ಪೆಟ್ಟಿಗೆ ಹೊತ್ಕೊಂಡು ನಾನೂ ನಮ್ಮೆಜಮಾನ್ರೂ ಬಾಡಿಗೆ ಮನೆ ಕೇಳ್ಕೊಂಡು ಅಲೆದಾಗ ಇಲ್ಲ ಅನ್ನೋಕೆ ಚೆನ್ನಾಗೇ ಬರ್ತಿತ್ತು. ತಾಲೀಮೂ ಬೇಕಾಗಿರ್ಲಿಲ್ಲ.”

ಪಾದ್ರಿ ಯೆಸೆನಿಯಾಳ ಮುಖ ನೋಡಿದ.

“ಅಟ್ಟೋ ಮನೆ ತಾನೇ ಇಟ್ಕೋತೀನಿ ಅಂತಿದ್ದಾರೆ ಅಮ್ಮ,” ಎಂದಳು ಯೆಸೆನಿಯಾ.

ಮಗಳು ಏನು ಹೇಳಿದಳೆಂದು ಎರ್ಲಿಂದಾಗೆ ಅರ್ಥವಾಯಿತು. ಅಲ್ಲಗಳೆಯಲಿಲ್ಲ.

ಹೀಗೆ ಯಾವಾಗಲೂ ಮೆರವಣಿಗೆಯ ಮುಂದಿರುತ್ತಿದ್ದವಳು ಆ ವರ್ಷ ತನ್ನ ಮನೆಯೊಳಗೆ ಚಿಲಕ ಹಾಕಿಕೊಂಡು ನಿಂತಳು. ಹೊರಗೆ ವರ್ನನ್ ಬತ್ತಿ ಹಿಡಿದು, ಟ್ರ್ಯಾಕ್ಟರ್ ಕೆಮ್ಮಿದಂಥ ಗಂಟಲಿನಲ್ಲಿ, ಮುರುಕು ಸ್ಪ್ಯಾನಿಷ್‌ನಲ್ಲಿ ಜಾಗ ಕೇಳಿದ. ಅವನ ಹಿಂದೆ ಇಡೀ ಊರು ಕೇಳಿತು. ಎರ್ಲಿಂದಾ ಚಿಲಕ ಭದ್ರವಾಗಿದೆಯೇ ಎಂದು ಒಮ್ಮೆ ಎಳೆದು ನೋಡಿದಳು. ಆಮೇಲೆ ಹೊರಟ ಸ್ವರಕ್ಕೆ ಕಿಟಕಿಯ ಗಾಜು ಅದುರಿತು. ಅವಳು ಇರುವ ಸಾಲನ್ನೆಲ್ಲ ಹಾಡಿ ಅಟ್ಟಿದಳು, ಸಾಲದೆಂದು ಮೊದಲ ಸಾಲನ್ನು ಮತ್ತೆ ಹಾಡಿದಳು. ಹೊರಗೆ ಜನ ನಡುಗುತ್ತ ಕಾಲು ಬದಲಿಸಿದರು.

ಮೆರವಣಿಗೆ ಮುಂದೆ ಸಾಗಿತು. ಹಾಡು ದೂರವಾದಂತೆ ಮನೆ ತೀರ ದೊಡ್ಡದೆನಿಸಿತು. ಅಟ್ಟಿದವರು ಆಮೇಲೆ ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೋಟು ಸಿಕ್ಕಿಸಿಕೊಂಡು ಹಿಮದಲ್ಲಿ ಏದುಸಿರು ಬಿಡುತ್ತ ಓಡಿ ಮೆರವಣಿಗೆ ಸೇರಿದಳು.

“ಅಮ್ಮಾ, ನೀನು ಒಳಗಿರ್ಬೇಕಲ್ವಾ?” ಎಂದಳು ಯೆಸೆನಿಯಾ.

“ಗೋಡೆ ನೋಡ್ಕೊಂಡು ಕೂತ್ಕೊಳ್ಲಾ?”

ವರ್ನನ್ ಪಕ್ಕಕ್ಕೆ ಸರಿದು ಜಾಗ ಮಾಡಿದ. “ಈಗ್ತಾನೆ ನಮ್ಮನ್ನ ಓಡಿಸಿದೋರು ಇವ್ರೇ ಅಲ್ವಾ?”

“ನಿಮ್ಮ ಹಾಡು ಕೇಳಿದ್ರೆ ಯಾರಾದ್ರೂ ಓಡಿಸ್ತಾರೆ,” ಎಂದು ಎರ್ಲಿಂದಾ ಅವನ ಕೈಯಿಂದ ಬತ್ತಿ ಕಿತ್ತುಕೊಂಡಳು.