ಒಂದು ತಲೆ ಹೆಚ್ಚು

ಸಿಡ್ನಿಯ ಬ್ಲ್ಯಾಕ್‌ಟೌನ್ ಕಡೆಯ ಒಂದು ಈಜುಕೊಳದಲ್ಲಿ ಅನಸೂಯ ಹನ್ನೆರಡು ವರ್ಷ ಲೈಫ್‌ಗಾರ್ಡ್ ಆಗಿದ್ದಳು. ಹಳದಿ ಅಂಗಿ, ಕೆಂಪು ಚಡ್ಡಿ, ಕೊರಳಲ್ಲಿ ಸೀಟಿ. ಮಧ್ಯವಯಸ್ಸಿನ ಹೆಂಗಸು ಆ ವೇಷದಲ್ಲಿ ಎತ್ತರದ ಕುರ್ಚಿ ಹತ್ತಿ ಕೂತದ್ದನ್ನು ಕಂಡು ನಮ್ಮ ಕನ್ನಡದವರೇ ಕೆಲವರು ಮೊದಮೊದಲು ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಆಮೇಲೆ ಅವರ ಮಕ್ಕಳೂ ಅಲ್ಲಿಗೇ ಈಜು ಕಲಿಯಲು ಬಂದರು. ಆಗ, "ನಮ್ಮವನ ಮೇಲೆ ಸ್ವಲ್ಪ ಕಣ್ಣಿಟ್ಟಿರಿ ಅನಸೂಯ" ಎನ್ನತೊಡಗಿದರು.

ಅವಳ ಊರು ಹರಿಹರ. ಅಣ್ಣಂದಿರ ಬೆನ್ನು ಬಿದ್ದು ತುಂಗಭದ್ರೆಯಲ್ಲಿ ಈಜು ಕಲಿತಿದ್ದಳು. ಮದುವೆಯಾಗಿ ಗಂಡ ಚಕ್ರಪಾಣಿಯ ಜೊತೆ ಸಿಡ್ನಿಗೆ ಬಂದ ಮೇಲೆ ವರ್ಷಗಟ್ಟಲೆ ನೀರಿಗೇ ಇಳಿದಿರಲಿಲ್ಲ. ಒಂದು ದಿನ ಮಗಳು ಆದ್ಯಾಳನ್ನು ಈಜು ತರಗತಿಗೆ ಬಿಟ್ಟು ಬೆಂಚಿನ ಮೇಲೆ ಕೂತಿದ್ದಾಗ, ಪಕ್ಕದ ಲೇನಿನಲ್ಲಿ ಮುದುಕನೊಬ್ಬ ಸದ್ದಿಲ್ಲದೆ ಮುಳುಗುತ್ತಿರುವುದು ಅವಳ ಕಣ್ಣಿಗೇ ಮೊದಲು ಬಿತ್ತು. ಚೂಡಿದಾರದಲ್ಲೇ ಹಾರಿ ಅವನನ್ನು ಎಳೆದು ತಂದಳು. ಅವಳ ಬಟ್ಟೆಯಿಂದ ನೀರು ಸುರಿಯುತ್ತಿರುವಾಗಲೇ ಮ್ಯಾನೇಜರ್ ಕೆಲಸದ ಮಾತೆತ್ತಿದ್ದ.

ಆ ಕೆಲಸವೆಂದರೆ ಮುಕ್ಕಾಲು ಪಾಲು ಎಣಿಸುವುದು. ಮೇಲೆ ಎಷ್ಟು ತಲೆ, ತಳದಲ್ಲಿ ಏನಾದರೂ ನೆರಳಿದೆಯೇ, ಮತ್ತೆ ಮೊದಲಿನಿಂದ. ಹತ್ತು ಸೆಕೆಂಡಿಗೊಮ್ಮೆ. ರೈಲು ಡಬ್ಬಿ, ದೇವಸ್ಥಾನದ ಸಾಲು, ಹುಟ್ಟುಹಬ್ಬದ ಪಾರ್ಟಿ, ಎಲ್ಲಿ ಹೋದರೂ ಅವಳ ಕಣ್ಣು ತಾನಾಗಿಯೇ ತಲೆ ಎಣಿಸಿಬಿಡುತ್ತಿತ್ತು. ಲೆಕ್ಕ ತಪ್ಪಿದ್ದು ಅವಳಿಗೆ ನೆನಪಿಲ್ಲ.

ಕಳೆದ ಜನವರಿಯಲ್ಲಿ ತಂಗಿ ಪಲ್ಲವಿಯ ಫೋನ್ ಬಂತು. ಪಲ್ಲವಿ ಮೆಲ್ಬರ್ನ್‌ನಲ್ಲಿ ಫಾರ್ಮಸಿಸ್ಟ್, ಒಬ್ಬಳೇ ಇರುವವಳು.

"ಅಕ್ಕ, ಜಪಾನಿಗೆ ಟಿಕೆಟ್ ಬುಕ್ ಮಾಡ್ತಿದೀನಿ. ಬೆಟ್ಟದ ಮೇಲೆ ಒಂದು ಬಿಸಿನೀರಿನ ಬುಗ್ಗೆ ಊರು. ಊರಿನವರದ್ದೇ ಒಂಬತ್ತು ಸ್ನಾನದ ಮನೆ ಇವೆಯಂತೆ. ನೀನೂ ಬರ್ತಿದೀಯ."

"ಇವರಿಬ್ಬರ ಊಟ, ತಿಂಡಿ..."

"ಆದ್ಯಾಗೆ ಇಪ್ಪತ್ತು ವರ್ಷ ಆಯ್ತು ಕಣೇ. ಭಾವನಿಗೆ ಐವತ್ತಾರು!"

ಪಕ್ಕದ ಕೋಣೆಯಿಂದ ಆದ್ಯಾ ಕೂಗಿದಳು: "ಅಮ್ಮಾ, ಜಸ್ಟ್ ಗೋ!"

ಫೆಬ್ರವರಿಯಲ್ಲಿ ಹೋದರು. ಮೊಣಕಾಲುದ್ದ ಹಿಮ, ಕಲ್ಲು ಹಾಸಿದ ಒಂದೇ ಒಂದು ಬೀದಿ, ಚರಂಡಿಯಿಂದಲೂ ಏಳುವ ಹಬೆ, ಊರಿಡೀ ಗಂಧಕದ ವಾಸನೆ. ಅವರು ಇಳಿದುಕೊಂಡ ಛತ್ರದಂಥ ಹಳೇ ಹೋಟೆಲಿನ ಯಜಮಾನಿ ಎಪ್ಪತ್ತು ದಾಟಿದ ಹೆಂಗಸು. ಆಕೆ ಒಂದು ದೊಡ್ಡ ಬೀಗದ ಕೈ ಮತ್ತು ತಲಾ ಒಂದು ಬಿಳಿ ಟವೆಲ್ ಕೊಟ್ಟು ಫೋನಿಗೆ ಏನೋ ಹೇಳಿದಳು. ಫೋನು ಅದನ್ನು ಇಂಗ್ಲಿಷಿಗೆ ತಿರುಗಿಸಿತು: ಒಂಬತ್ತು ಮನೆಗೂ ಇದೊಂದೇ ಕೀಲಿ. ಪ್ರತಿ ಬಾಗಿಲಲ್ಲಿ ಒಂದು ಮುದ್ರೆ ಇರುತ್ತದೆ, ಟವೆಲಿಗೆ ಒತ್ತಿಕೊಳ್ಳಿ.

ಒಂದನೇ ಮನೆಯ ಬಾಗಿಲ ಫಲಕ ಓದಿ ಪಲ್ಲವಿ ನಕ್ಕಳು. "ಅಕ್ಕ, ಸ್ವಿಮ್‌ಸೂಟ್ ಅಲೋ ಮಾಡಲ್ವಂತೆ."

"ಅಂದ್ರೆ? ಏನೂ ಇಲ್ದೇನಾ?"

"ಹೆಂಗಸರೇ ಅಲ್ವಾ, ಬಾ. ದಿನಾ ಅರ್ಧ ಬ್ಲ್ಯಾಕ್‌ಟೌನ್ ಮುಂದೆ ಚಡ್ಡಿ ಹಾಕ್ಕೊಂಡು ಕೂರ್ತೀಯ."

ಒಳಗೆ ಮರದ ಗೋಡೆ, ಮರದ ತೊಟ್ಟಿ. ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿತ್ತು, ಒಂದು ಗೇಣು ಕೆಳಗೆ ಏನೂ ಕಾಣುತ್ತಿರಲಿಲ್ಲ. ಊರಿನ ಇಬ್ಬರು ಮುದುಕಿಯರು ಕತ್ತಿನವರೆಗೆ ಮುಳುಗಿ ಕೂತಿದ್ದರು. ಅವರ ಜೊತೆ ಇವರಿಬ್ಬರು. ಅನಸೂಯ ಎಂದಿನಂತೆ ಎಣಿಸಿದಳು. ಐದು ಬಂತು.

ಮೂಲೆಯಲ್ಲಿ, ನೀರು ಬೀಳುವ ಮರದ ಕೊಳವೆಯ ಪಕ್ಕ ಇನ್ನೊಬ್ಬಳು ಕೂತಿದ್ದಳು. ಹಬೆಯಲ್ಲಿ ಬೆನ್ನು ಮಾತ್ರ ಕಾಣುತ್ತಿತ್ತು, ತಲೆಯ ಮೇಲೆ ಮಡಿಸಿಟ್ಟ ಟವೆಲ್. ಅದರಲ್ಲಿ ವಿಶೇಷವೇನೂ ಅವಳಿಗೆ ಕಾಣಲಿಲ್ಲ. ಹೊರಬಂದು ಬಟ್ಟೆ ಹಾಕಿಕೊಳ್ಳುವಾಗ ಮಾತ್ರ ಕಣ್ಣು ತಾನಾಗಿ ಬಟ್ಟೆಯ ಬುಟ್ಟಿಗಳನ್ನು ಎಣಿಸಿತು. ನಾಲ್ಕು. ಬಾಗಿಲ ಬಳಿ ಚಪ್ಪಲಿ ಎಣಿಸಿದಳು. ಅವೂ ನಾಲ್ಕೇ ಜೊತೆ.

ಎರಡನೇ ಮನೆಗೆ ಕೀಲಿ ತಿರುಗಿಸಿದಾಗ ಒಳಗೆ ಯಾರೂ ಇರಲಿಲ್ಲ. ಇಬ್ಬರೂ ತೊಟ್ಟಿಗಿಳಿದರು. ಅನಸೂಯ ಎಣಿಸಿದಳು. ಮೂರು. ಅದೇ ಬೆನ್ನು, ಅದೇ ಮಡಿಸಿದ ಟವೆಲ್, ಈ ಸಲ ಕಿಟಕಿಯ ಕೆಳಗೆ. ಮೈ ಸುಡುವ ನೀರಿನಲ್ಲಿ ಅವಳ ತೋಳಿನ ರೋಮ ಎದ್ದು ನಿಂತಿತು.

"ಪಲ್ಲೂ, ಅಲ್ಲಿ ಯಾರು?"

ಪಲ್ಲವಿ ಆ ಕಡೆ ನೋಡಿ, ಮತ್ತೆ ಇವಳ ಕಡೆ ತಿರುಗಿದಳು. "ಎಲ್ಲಿ? ನಾವಿಬ್ಬರೇ ಇರೋದು ಅಕ್ಕ. ಹಬೆ ಅದು."

ಮರುದಿನ ಬೆಟ್ಟದ ಮೇಲೆ ಬಿಸಿನೀರಿನ ಹೊಂಡದಲ್ಲಿ ಕೂರುವ ಕೋತಿಗಳನ್ನು ನೋಡಲು ಹೋದರು. ಅನಸೂಯ ಎರಡೆರಡು ಸಲ ಎಣಿಸಿದಳು. ಎರಡು ಸಲವೂ ಹನ್ನೊಂದು. ಪಲ್ಲವಿ ತೆಗೆದ ಫೋಟೋದಲ್ಲಿ ಎಣಿಸಿದರೂ ಹನ್ನೊಂದು. ತನ್ನ ತಲೆ ನೆಟ್ಟಗಿದೆಯೆಂದು ಸಮಾಧಾನವಾಯಿತು. ಬುಗ್ಗೆಯ ನೀರಿನಲ್ಲಿ ಬೇಯಿಸಿದ ಮೊಟ್ಟೆಯನ್ನು ಪಲ್ಲವಿ ತಿಂದಳು, ಅನಸೂಯ ಚಹಾ ಕುಡಿದಳು. ಗುಡ್ಡದ ಮೇಲಿನ ಗುಡಿಯ ಮೆಟ್ಟಿಲು ಹತ್ತಿ ಕೈ ಮುಗಿದು ಬಂದರು. ಸಂಜೆಯೊಳಗೆ ಮೂರು, ನಾಲ್ಕು, ಐದನೇ ಮನೆಗಳನ್ನೂ ಮುಗಿಸಿದರು. ಮೂರೂ ಕಡೆ ಬುಟ್ಟಿಗಳಿಗಿಂತ ತಲೆ ಒಂದು ಹೆಚ್ಚಿತ್ತು.

ಆರನೇ ಮನೆಯಲ್ಲಿ ಎಣಿಕೆ ಸರಿಹೋಯಿತು. ಎರಡು ಬುಟ್ಟಿ, ಎರಡು ತಲೆ. ಅನಸೂಯ ನಿರಾಳವಾಗಿ ಕಣ್ಣು ಮುಚ್ಚಿ ಒರಗಿದಳು. ಅಷ್ಟರಲ್ಲಿ ಬಟ್ಟೆ ಬದಲಿಸುವ ಕೋಣೆಯಿಂದ ಪಲ್ಲವಿ ಕೂಗಿದಳು: "ಅಕ್ಕ, ನನ್ನ ಕ್ಲಿಪ್ ಹುಡುಕ್ತಿದೀನಿ, ಈಗ ಬಂದೆ!"

ತಂಗಿ ಇನ್ನೂ ಒಳಗೇ ಬಂದಿರಲಿಲ್ಲ. ಅನಸೂಯ ಕಣ್ಣು ತೆರೆಯಲಿಲ್ಲ. ತೊಟ್ಟಿಯ ಅಂಚನ್ನು ತಡವುತ್ತಾ ಮೆಟ್ಟಿಲು ಹತ್ತಿ, ಬಾಗಿಲು ದಾಟಿದ ಮೇಲೆಯೇ ಕಣ್ಣು ಬಿಟ್ಟಳು.

"ಸಾಕು, ಹೋಟೆಲಿಗೆ ಹೋಗೋಣ" ಎಂದಳು. ಪಲ್ಲವಿ ಯಾಕೆಂದು ಕೇಳಲಿಲ್ಲ. ಅಕ್ಕನ ಕೈ ಹಿಡಿದು ನಡೆದಳು.

ಆದರೆ ಊರು ಬಿಡಲು ಇನ್ನೂ ಒಂದು ದಿನವಿತ್ತು. ಹಗಲಾದ ಮೇಲೆ ಅನಸೂಯಳಿಗೆ ತನ್ನ ಹೆದರಿಕೆಯ ಮೇಲೆಯೇ ಸಿಟ್ಟು ಬಂತು. ಹನ್ನೆರಡು ವರ್ಷ ನೀರು ಕಾದವಳು ನೀರಿಗೆ ಹೆದರಿ ಓಡುವುದೇ? ಬೆಳಿಗ್ಗೆ ಏಳನೇ ಮನೆಯಲ್ಲಿ ಬುಟ್ಟಿ ಎರಡು, ತಲೆ ಮೂರು. ಅವಳು ಬೆನ್ನಿನ ಕಡೆ ನೋಡದೆ ಕೂತು ಬಂದಳು. ಒಂದನ್ನು ಕಳೆದುಬಿಟ್ಟರಾಯಿತು, ಲೆಕ್ಕ ಸರಿ ಎಂದುಕೊಂಡಳು.

ಮಧ್ಯಾಹ್ನ ಎಂಟನೇ ಮನೆ. ಹೊರಗೆ ಬುಟ್ಟಿಯಲ್ಲಿ ಯಾರದೋ ಹೂವಿನ ಚಿತ್ತಾರದ ಕೋಟು ಮಡಿಸಿಟ್ಟಿತ್ತು. ಒಳಗೆ ಕೋಟಿನವಳಾದ ಪುಟ್ಟ ಮುದುಕಿ ಕೂತಿದ್ದಳು, ಇವರನ್ನು ಕಂಡು ತಲೆಬಾಗಿಸಿದಳು. ಇಬ್ಬರೂ ಮೈ ತೊಳೆದುಕೊಂಡು ಬಂದು ತೊಟ್ಟಿಗಿಳಿದರು. ಹಬೆ ದಟ್ಟವಾಗಿತ್ತು. ಅನಸೂಯ ಎಣಿಸಿದಳು. ಮೂರು.

ಬುಟ್ಟಿಯೂ ಮೂರು. "ಇವತ್ತು ಸರಿ ಇದೆ ಪಲ್ಲೂ" ಎಂದಳು.

ಹೇಳಿ ಮುಗಿಸುವುದರೊಳಗೆ ಅವಳಿಗೆ ಹೊಳೆಯಿತು. ಮೂರು ಸರಿಯಲ್ಲ. ಪ್ರತಿ ಸಲವೂ ಒಂದು ಹೆಚ್ಚೇ ಇತ್ತು. ಹಾಗಾದರೆ ನಾಲ್ಕು ಇರಬೇಕು. ಅತ್ತ ನೋಡಿದಳು. ಗೋಡೆಯ ಬದಿಗೆ ಬೆನ್ನು, ತಲೆಯ ಮೇಲೆ ಮಡಿಸಿದ ಟವೆಲ್. ಮುದುಕಿ ಕೂತಿದ್ದ ಜಾಗದಲ್ಲಿ ಬಿಳಿ ನೀರು ಮಾತ್ರ.

ಅನಸೂಯ ಮುಂದಕ್ಕೆ ಬಿದ್ದು ಎರಡೂ ಕೈಗಳನ್ನು ನೀರಿನೊಳಗೆ ಆಡಿಸಿದಳು. ಬೆರಳಿಗೆ ಕೂದಲು ಸಿಕ್ಕಿತು. ಕಂಕುಳಿಗೆ ಕೈ ಕೊಟ್ಟು ಎತ್ತಿದಳು. ಮುದುಕಿಯ ತುಟಿ ನೀಲಿಯಾಗಿತ್ತು, ಉಸಿರಿರಲಿಲ್ಲ.

"ಪಲ್ಲೂ, ಹೊರಗೆ ಹೋಗಿ ಯಾರನ್ನಾದ್ರೂ ಕರಿ! ಆಂಬುಲೆನ್ಸ್!"

ಪಲ್ಲವಿ ಟವೆಲ್ ಸುತ್ತಿಕೊಂಡು ಹಿಮಕ್ಕೆ ಓಡಿದಳು. ಅನಸೂಯ ಮುದುಕಿಯನ್ನು ಮರದ ನೆಲದ ಮೇಲೆ ಮಲಗಿಸಿ, ಗಲ್ಲ ಎತ್ತಿ, ಬಾಯಿಗೆ ಬಾಯಿಟ್ಟು ಊದಿದಳು, ಎದೆ ಒತ್ತಿದಳು. ವರ್ಷವರ್ಷವೂ ರಬ್ಬರ್ ಬೊಂಬೆಯ ಮೇಲೆ ಮಾಡಿದ್ದನ್ನು ಕೈಗಳು ತಾವಾಗಿ ಮಾಡಿದವು. ಬೆನ್ನ ಹಿಂದೆ, ತೊಟ್ಟಿಯಲ್ಲಿ, ಯಾರೋ ಎದ್ದು ನಿಂತಾಗ ಮೈಯಿಂದ ನೀರಿಳಿಯುವ ಸದ್ದು ಕೇಳಿಸಿತು. ಅವಳು ತಿರುಗಲಿಲ್ಲ. ಮೂರನೇ ಸುತ್ತಿಗೆ ಮುದುಕಿ ಕೆಮ್ಮಿ ನೀರು ಕಕ್ಕಿದಳು. ಜನ ಬಾಗಿಲು ತಳ್ಳಿ ಬಂದಾಗ ತೊಟ್ಟಿಯಲ್ಲಿ ಯಾರೂ ಇರಲಿಲ್ಲ.

ಮುದುಕಿ ಬದುಕಿಕೊಂಡಳು. ಬಿಸಿಗೆ ತಲೆ ಸುತ್ತಿ ಜಾರಿದ್ದು ಎಂದರಂತೆ ಡಾಕ್ಟರು. ಸಂಜೆ ಅವಳ ಮಗಳು ಹೋಟೆಲಿಗೆ ಬಂದು ಚಾಪೆಗೆ ಹಣೆ ಹಚ್ಚಿ ನಮಸ್ಕರಿಸಿ ಅತ್ತಳು. ಅವಳು ಹೋದ ಮೇಲೆ ಯಜಮಾನಿ ಫೋನನ್ನು ಮುಂದಿಟ್ಟು ಕೇಳಿದಳು: ಅಂಥ ನೀರಿನಲ್ಲಿ, ಅಂಥ ಹಬೆಯಲ್ಲಿ, ನಿಮಗೆ ಹೇಗೆ ಗೊತ್ತಾಯಿತು?

"ಎಣಿಸಿದೆ. ಒಬ್ಬರು ಕಮ್ಮಿ ಇದ್ದರು."

ಯಜಮಾನಿ ಫೋನಿನ ಮೇಲೆ ಮೂಡಿದ್ದನ್ನು ಓದಿದಳು. ಮುಖದ ನಗು ಹೋಯಿತು. ನಿಧಾನವಾಗಿ ಒಂದೇ ವಾಕ್ಯ ಹೇಳಿದಳು: ನಮ್ಮ ಊರಿನಲ್ಲಿ ಸ್ನಾನದ ನೀರಿನಲ್ಲಿರುವವರನ್ನು ಎಣಿಸುವುದಿಲ್ಲ.

ಯಾಕೆಂದು ಅನಸೂಯ ಕೇಳಿದಳು. ಆಕೆ ಚಹಾ ಬಗ್ಗಿಸಿ, ಬಟ್ಟಲನ್ನು ಎರಡು ಕೈಯಲ್ಲಿ ಇವಳ ಮುಂದಿಟ್ಟು ಎದ್ದು ಹೋದಳು. ಒಂಬತ್ತನೇ ಮನೆಗೆ ಅಕ್ಕತಂಗಿಯರು ಹೋಗಲಿಲ್ಲ.

ಸಿಡ್ನಿಯಲ್ಲಿ ಚಕ್ರಪಾಣಿ ಎಲ್ಲವನ್ನೂ ಕೇಳಿ, "ಒಂದು ಜೀವ ಉಳಿಸಿದೆ, ಮಿಕ್ಕಿದ್ದು ಬಿಡು" ಎಂದ. ಅವಳೂ ಬಿಡಲು ನೋಡಿದಳು. ಈಸ್ಟರ್ ರಜೆಗೆ ಪಲ್ಲವಿಯ ಮನೆಗೆ ಮೆಲ್ಬರ್ನ್‌ಗೆ ಹೋದಾಗ, ಸ್ನಾನದ ತೊಟ್ಟಿಯ ತುಂಬ ಪಲ್ಲವಿ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿಟ್ಟಿದ್ದು ಕಂಡಿತು. ತಂಗಿ ಈಗ ಶವರ್ ಕೆಳಗೆ ನಿಂತು ಎರಡು ನಿಮಿಷದಲ್ಲಿ ಸ್ನಾನ ಮುಗಿಸುತ್ತಿದ್ದಳು.

"ತೊಟ್ಟಿ ತುಂಬ ಏನೇ ಅದು?" ಎಂದು ಅಡುಗೆಮನೆಗೆ ಬಂದು ಕೇಳಿದಳು.

ಪಲ್ಲವಿ ಒಗ್ಗರಣೆ ಸೌಟು ಕೆಳಗಿಟ್ಟು, ಸ್ಟವ್ ಆರಿಸಿದಳು. "ನಾನೂ ನೋಡಿದ್ದೆ ಅಕ್ಕ. ಮೊದಲನೇ ಮನೆಯಿಂದಾನೇ. ನೀನು ಹೆದರ್ತೀಯ ಅಂತ ಸುಳ್ಳು ಹೇಳ್ದೆ."

"ಆ ಬೆನ್ನಾ?" ಎಂದಳು ಅನಸೂಯ.

"ಬೆನ್ನಾ? ನನಗೆ ಯಾವಾಗಲೂ ಮುಖಾನೇ ಕಾಣ್ತಿದ್ದಿದ್ದು. ನಮ್ಮ ಕಡೆಗೇ ತಿರುಗಿರ್ತಿದ್ಳು. ವಯಸ್ಸಾದವಳು, ಸಾಧಾರಣ ಮುಖ. ಒಬ್ಬೊಬ್ಬರನ್ನೇ ನೋಡ್ತಾ ತುಟಿ ಅಲ್ಲಾಡಿಸ್ತಿದ್ಳು. ನೀನು ಕುರ್ಚಿ ಮೇಲೆ ಕೂತು ತಲೆ ಎಣಿಸ್ತೀಯಲ್ಲ, ಹಾಗೇ."

ಇಬ್ಬರೂ ಅನ್ನ ಸಾರು ಬಡಿಸಿಕೊಂಡು, ಟಿವಿ ಜೋರಾಗಿ ಹಾಕಿಕೊಂಡು ಉಂಡರು. ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ಸಿಡ್ನಿಗೆ ಮರಳಿದವಳೇ ಅನಸೂಯ ಮ್ಯಾನೇಜರನ್ನು ಕಂಡು, ಕಾವಲಿನ ಕುರ್ಚಿ ತನಗೆ ಬೇಡವೆಂದಳು. ಬೇರೇನು ಮಾಡುತ್ತೀರಿ ಎಂದು ಅವನು ಕೇಳಿದ. ಕಲಿಸುತ್ತೇನೆ ಎಂದಳು. ಈಗ ಬುಧವಾರ ಬೆಳಿಗ್ಗೆ ಹತ್ತಕ್ಕೆ, ಹುಟ್ಟಿದಾಗಿನಿಂದ ನೀರಿಗಿಳಿಯದ ಹೆಂಗಸರಿಗೆಂದೇ ಒಂದು ತರಗತಿ ನಡೆಯುತ್ತದೆ. ಮೊದಲ ದಿನ ಬಂದವರು ಮೂರೇ ಮಂದಿ. ಅವರಲ್ಲಿ ಕೆಂಪಮ್ಮ ಒಬ್ಬರು, ಮಂಡ್ಯದ ಕಡೆಯವರು, ಹತ್ತಿರದ ಕೆಲ್ಲಿವಿಲ್‌ನಲ್ಲಿ ಮಗಳ ಮನೆಯಲ್ಲಿರುವವರು. ಟ್ರ್ಯಾಕ್ ಪ್ಯಾಂಟಿನಲ್ಲಿ ಬಂದು, ಕಂಬಿ ಹಿಡಿದು, ಮೊದಲ ಮೆಟ್ಟಿಲ ಮೇಲೇ ನಿಂತುಬಿಟ್ಟರು.

"ಒಳಗೇನೂ ಇಲ್ಲ ತಾನೇ ಅನ್ಸೂಯಮ್ಮ?"

ಅನಸೂಯ ತಿರುಗಿ ಕೊಳವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ನೀರು ತಿಳಿಯಾಗಿತ್ತು, ತಳದ ನೀಲಿ ಬಿಲ್ಲೆಗಳ ಸಂದುಗಳೂ ಕಾಣುತ್ತಿದ್ದವು.

"ನಾನಿದೀನಲ್ಲ, ಇಳೀರಿ" ಎಂದು ಕೈ ಚಾಚಿದಳು. ಕೆಂಪಮ್ಮನವರ ಅಂಗೈ ಬೆವತಿತ್ತು. ಇಬ್ಬರೂ ಒಂದೊಂದೇ ಮೆಟ್ಟಿಲು ಇಳಿದರು.