ನಿಧಾನಪ್ಪ ಹೆಕ್ಕಿದ ಸ್ಕ್ರೂಗಳು

ನನ್ನ ಭಾವಮೈದನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಚೆನ್ನಾಗಿ ಓಡುತ್ತಿದ್ದ ಕಂಪ್ಯೂಟರ್ ನೋಡಿ, "ಭಾವ, ಇದು ಕುಂಟ್ತಾ ಇದೆ. ಇನ್ನೊಂದು ಮೆಮೊರಿ, ಇನ್ನೊಂದು ಡಿಸ್ಕ್ ಹಾಕಿ, ಕುದುರೆ ಆಗುತ್ತೆ" ಎಂದು ತಲೆಗೆ ಹುಳ ಬಿಟ್ಟವನು ಅವನು. ಎರಡನ್ನೂ ತಂದು ನನ್ನ ಕೈಗಿಟ್ಟು ತನ್ನ ಪಾಡಿಗೆ ತಾನು ಹೋದ. ಬಿಚ್ಚಿದವನು ನಾನು.

ನಮ್ಮದು ಕಿಟಕಿ, ಗೇಟುಗಳ ಜಾಲರಿ ಮಾಡುವ ಶೆಡ್. ತಗಡು ಕತ್ತರಿಸುವ ಯಂತ್ರಕ್ಕೆ ನಕ್ಷೆ ಕೊಡುವುದು ಈ ಕಂಪ್ಯೂಟರ್. ಅಂಗೈಯಗಲದ ಕಪ್ಪು ಡಬ್ಬಿ. ಅದರೊಳಗೆ ನನ್ನ ಹೆಂಡತಿ ಆರು ವರ್ಷ ಕೂತು ಬಿಡಿಸಿದ ನಕ್ಷೆಗಳಿದ್ದವು. ಬಳ್ಳಿ, ಹಕ್ಕಿ, ಅಲೆ, ಮುನ್ನೂರಕ್ಕೂ ಮೇಲೆ. ಬೇರೆ ಪ್ರತಿ ಇರಲಿಲ್ಲ. ಹೊಸ ಸಾಮಾನು ಹಾಕಿ, ಮುಚ್ಚಿ, ಗುಂಡಿ ಒತ್ತಿದರೆ ಫ್ಯಾನ್ ಒಂದು ಸುತ್ತು ತಿರುಗಿ ನಿಂತಿತು. ಪರದೆ ಕಪ್ಪು. ಹತ್ತು ಸಲ ಒತ್ತಿದೆ. ಹೆಂಡತಿ ಬೈಯಲಿಲ್ಲ, ಚಪ್ಪಲಿ ಮೆಟ್ಟಿದಳು.

"ನಡೀರಿ, ನಿಧಾನಪ್ಪನ ಹತ್ರ ಹೋಗೋಣ."

ನಿಧಾನಪ್ಪ ಎಂಬುದು ನಮ್ಮ ಬೀದಿ ಇಟ್ಟ ಹೆಸರು. ಮೊದಲು ಗಡಿಯಾರ, ಆಮೇಲೆ ರೇಡಿಯೋ, ಕೊನೆಗೆ ಕಂಪ್ಯೂಟರ್ ರಿಪೇರಿಗೆ ಬಂದವನು. ದೊಡ್ಡ ಅಂಗಡಿಯೊಂದರಲ್ಲಿ ದಿನಕ್ಕೆ ಎಂಟು ಮುಗಿಸಬೇಕಿತ್ತಂತೆ. ಇವನು ಎರಡು ಮುಗಿಸುತ್ತಿದ್ದ. ಕಳಿಸಿಬಿಟ್ಟರು. ಅಂದಿನಿಂದ ಮೆಟ್ಟಿಲ ಕೆಳಗಿನ ಸಂದಿಯಲ್ಲಿ, ಎದ್ದು ನಿಂತರೆ ತಲೆ ಬಡಿಯುವ ಜಾಗದಲ್ಲಿ ಕೂರುತ್ತಿದ್ದ. "ಇವನು ಕುಡಿಯೋ ಹೊತ್ತಿಗೆ ಟೀ ಆರೋದಲ್ಲ, ಆವಿಯಾಗಿ ಹೋಗಿರುತ್ತೆ" ಎಂದು ಪಕ್ಕದ ಕ್ಷೌರದವನು ನಗುತ್ತಿದ್ದ. ನಿಧಾನಪ್ಪನೂ ನಗುತ್ತಿದ್ದ, ಸ್ವಲ್ಪ ಹೊತ್ತಾದ ಮೇಲೆ.

ಡಬ್ಬಿಯ ತಳದ ನಾಲ್ಕು ಸ್ಕ್ರೂ ಬಿಚ್ಚಿ, ಇದ್ದ ಕ್ರಮದಲ್ಲೇ ಒಂದು ಥರ್ಮೋಕೋಲ್ ತುಂಡಿಗೆ ಚುಚ್ಚಿಟ್ಟ. ಹಳೆಯ ಡಿಸ್ಕನ್ನು ಕಾಗದದಲ್ಲಿ ಸುತ್ತಿ ನನ್ನ ಹೆಂಡತಿಯ ಕೈಗೆ ಕೊಟ್ಟ.

"ಇದು ನಿಮ್ಹತ್ರಾನೇ ಇರಲಿ, ತಂಗಿ."

"ಮೊದ್ಲು ಅದನ್ನ ಬೇರೆ ಕಂಪ್ಯೂಟರಿಗೆ ಹಾಕಿ ನೋಡು" ಎಂದೆ.

"ಅದಕ್ಕೂ ಪೆಟ್ಟು ಬಿದ್ದಿದ್ರೆ ಒಂದೇ ಒಂದು ಸಲ ಓದೋಕೆ ಸಿಗಬಹುದು ಯಜಮಾನ್ರೇ. ಡಬ್ಬಿಗೆ ಏನಾಗಿದೆ ತಿಳೀಲಿ, ಆಮೇಲೆ. ಬಿಚ್ಚಿದ್ದು ಯಾರು?"

"ನಾನೇ. ಏನೀಗ?"

"ಏನಿಲ್ಲ, ಕೇಳ್ದೆ."

ಹೊಸದೆಲ್ಲ ತೆಗೆದ. ಮುಚ್ಚಿದ, ನಾಲ್ಕೂ ಸ್ಕ್ರೂ ಬಿಗಿದ, ಗುಂಡಿ ಒತ್ತಿದ. ಫ್ಯಾನ್ ತಿರುಗಿ ನಿಂತಿತು. ಮತ್ತೆ ಬಿಚ್ಚಿದ, ಚುಚ್ಚಿಟ್ಟ. ಹಳೆಯ ಮೆಮೊರಿಯ ಜಾಗ ಬದಲಾಯಿಸಿದ, ಮುಚ್ಚಿದ, ಬಿಗಿದ, ಒತ್ತಿದ. ಅದೇ ಕಥೆ.

"ಪ್ರತಿ ಸಲ ಯಾಕಯ್ಯಾ ಮುಚ್ತೀಯಾ?"

"ನಿಮ್ಮಲ್ಲಿ ಮುಚ್ಚೇ ತಾನೇ ಓಡಬೇಕು? ಹಾಗೇ ನೋಡೋದು ನಾನು."

ಮೂರನೆಯ ಸಲ ಬಿಚ್ಚಿ, ಒಳಗಿನ ಬಿಲ್ಲೆಯಂಥ ಬ್ಯಾಟರಿ ತೆಗೆದು ಒರೆಸುತ್ತ ಕೂತಾಗ ನನ್ನ ಪಿತ್ತ ನೆತ್ತಿಗೇರಿತು. ಕೈಲಾಗದವನು ಎಂದೆ. ಸಾಮಾನು ಬದಲಾಯಿಸಿ ನಾಟಕ ಆಡುತ್ತೀಯಾ ಎಂದೆ. ಬೀದಿಗೆಲ್ಲ ಕೇಳುವಂತೆ ಕಳ್ಳ ಎಂದೆ. ಥರ್ಮೋಕೋಲಿಗೆ ಕೈ ಬೀಸಿದೆ. ಅದು ಎರಡು ತುಂಡಾಗಿ ಸ್ಕ್ರೂಗಳು ನೆಲದ ಪಾಲಾದವು. ಕ್ಷೌರದವನು ಕತ್ತರಿ ಹಿಡಿದೇ ಹೊರಗೆ ಬಂದ.

"ಆರು ವರ್ಷ ಕೂತವಳು ನಾನು" ಎಂದಳು ಹೆಂಡತಿ. "ಕೂಗೋರು ನೀವಾ?"

ನಿಧಾನಪ್ಪ ಮಂಡಿಯೂರಿ ಒಂದೊಂದನ್ನೇ ಹೆಕ್ಕಿದ. ಯಾವ ತೂತಿನದು ಯಾವುದು ಎಂದು ಈಗ ತಿಳಿಯುವಂತಿರಲಿಲ್ಲ. ನಾಲ್ಕನ್ನೂ ತಲೆಕೆಳಗಾಗಿ ಮೇಜಿನ ಮೇಲೆ ನಿಲ್ಲಿಸಿ, ಕನ್ನಡಕ ತಾಗುವಷ್ಟು ಬಗ್ಗಿದ. ಮೂರು ಸಮ ಇದ್ದವು. ಒಂದು ಅಕ್ಕಿಕಾಳಿನಷ್ಟು ಎತ್ತರ.

"ಇದು ಡಬ್ಬಿ ಜೊತೆ ಬಂದಿದ್ದಲ್ಲ."

ಅಲ್ಲ. ನಾನು ಬಿಚ್ಚಿದಾಗ ಒಂದು ಕಳೆದುಹೋಗಿತ್ತು. ಶೆಡ್ಡಿನಲ್ಲಿ ಅದೇ ದಪ್ಪದ್ದೊಂದು ಹುಡುಕಿ, ಗೇಟಿಗೆ ಬಿಗಿದ ಹಾಗೆ ಬಿಗಿದಿದ್ದೆ. ನಮ್ಮ ಕೆಲಸದಲ್ಲಿ ಸ್ಕ್ರೂ ತುಸು ಉದ್ದವಿದ್ದಷ್ಟೂ ಭದ್ರ. ಇಲ್ಲಿ ಅದರ ತುದಿ ಒಳಗಿನ ಬೋರ್ಡಿಗೆ ತಾಗಿ ಶಾರ್ಟ್ ಆಗುತ್ತಿತ್ತು. ನಿಧಾನಪ್ಪ ಬ್ಯಾಟರಿ ಕೂರಿಸಿ, ಮೂರೇ ಸ್ಕ್ರೂ ಹಾಕಿ ಒತ್ತಿದ. ಪರದೆ ಬೆಳಗಿತು.

"ಒಂದ್ಸಲ ಮುಚ್ಚದೆ ನೋಡಿದ್ರೆ ಆಗಲೇ ಸಿಗ್ತಿತ್ತು. ನಂದೂ ತಪ್ಪಿದೆ" ಎಂದ.

ಅವನು ಹಾಗೆಂದದ್ದಕ್ಕೂ ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಡಿಸ್ಕ್ ಇಸಿದುಕೊಂಡು ಹಾಕಿದ. ನನ್ನ ಹೆಂಡತಿ ಮೊದಲ ಬಳ್ಳಿಯಿಂದ ಕೊನೆಯ ಅಲೆಯವರೆಗೆ ಒಂದೊಂದನ್ನೂ ತೆರೆದು ನೋಡಿದಳು. ಅವನು ಕೈಕಟ್ಟಿ ಕಾದ. ನಾನು ಬೀದಿಯಲ್ಲಿ ನಿಂತಿದ್ದೆ.

ಕಳ್ಳ ಎಂದದ್ದನ್ನು ಬೀದಿ ಕೇಳಿತ್ತು, ಸ್ಕ್ರೂವಿನ ಕಥೆ ಕೇಳಿರಲಿಲ್ಲ. ಅಲ್ಲಿಂದ ಮುಂದೆ ಗಿರಾಕಿಗಳು ಅವನ ತಲೆಯ ಮೇಲೇ ನಿಂತು ಕಾಯತೊಡಗಿದರು. "ಸಾಮಾನು ಎಣಿಸ್ಕೊಂಡು ಹೋಗ್ರಪ್ಪಾ" ಎಂದು ಕ್ಷೌರದವನು ತಮಾಷೆ ಮಾಡುತ್ತಿದ್ದ. ನಿಧಾನಪ್ಪ ನಗುವುದನ್ನು ಬಿಟ್ಟ. ನಾನು ಕ್ಷೌರದವನ ಜೊತೆ ಜಗಳವಾಡಿ ಅವನ ಅಂಗಡಿಗೆ ಹೋಗುವುದನ್ನು ಬಿಟ್ಟೆ. ಅದು ಸುಲಭವಿತ್ತು.

ಮರುವರ್ಷ ನಿಧಾನಪ್ಪ ಸಂದಿ ಖಾಲಿ ಮಾಡಿ ಅಕ್ಕನ ಮನೆಗೆ ಹೊರಟ. ಮೇಜನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ನಮ್ಮ ಶೆಡ್ಡಿನ ಮುಂದೆ ನಿಂತ.

"ಹೇಗಿದೆ ಯಜಮಾನ್ರೇ, ಓಡ್ತಿದೆಯಾ?"

"ಓಡ್ತಿದೆ" ಎಂದೆ.

ಇನ್ನೇನಾದರೂ ಹೇಳುವೆನೇನೋ ಎಂದು ಅವನು ನಿಂತೇ ಇದ್ದ, ತನ್ನ ಎಂದಿನ ನಿಧಾನದಲ್ಲಿ. ನಾನು ಒಳಗಿನ ವೆಲ್ಡರನಿಗೆ ಏನೋ ಕೂಗಿದೆ. ತಿರುಗಿ ನೋಡುವಷ್ಟರಲ್ಲಿ ಗಾಡಿ ತಿರುವು ದಾಟಿತ್ತು.